ಯಾರ ಕಣ್ಣಿನ ಕನ್ನಡಿ?



"ನಾನು ಚೆನ್ನಾಗಿಲ್ಲ" ಎಂದು ಹರೆಯದ ಮಗಳು ಹೇಳಿದಾಗ ನಾವು ನಕ್ಕು ಸುಮ್ಮನಾಗುತ್ತೇವೆ, ವಯಸ್ಸಿನ ಹುಚ್ಚು ಎನ್ನುತ್ತೇವೆ. ಆದರೆ ಅವಳು ಆಡಿದ್ದು ತನ್ನ ಮೈಯ ಮಾತೋ, ತನ್ನ ಬೆಲೆಯ ಮಾತೋ ಎಂದು ಯೋಚಿಸಿದ್ದೇವೆಯೇ?

ಶಾಂತಸಾಗರದ ಫಿಜಿ ದ್ವೀಪಗಳ ಒಂದು ಸಂಗತಿ ಕೇಳಿರಿ. ಅಲ್ಲಿನ ಮೂಲ ಜನರಲ್ಲಿ ತುಂಬಿದ ಮೈಕಟ್ಟಿಗೆ ಗೌರವವಿತ್ತು. ಹುಡುಗಿ ಸೊರಗಿದರೆ ಮನೆಯವರೂ ನೆರೆಯವರೂ ಕಳವಳಪಡುತ್ತಿದ್ದರು. ಅವಳ ಮೈ ಅವಳೊಬ್ಬಳದಲ್ಲ, ತನ್ನವರು ಮಾಡಿದ ಆರೈಕೆಗೆ ಅದು ಸಾಕ್ಷಿ.

1995ರಲ್ಲಿ ಅಲ್ಲಿನ ನಂದ್ರೋಂಗ ಪ್ರಾಂತ್ಯಕ್ಕೆ ಟೆಲಿವಿಷನ್ ಬಂತು. ಅಮೆರಿಕದ ಮನೋವೈದ್ಯೆ ಆನ್ ಬೆಕರ್ ಆ ವರ್ಷವೂ 1998ರಲ್ಲೂ ಅಲ್ಲಿನ ಶಾಲಾ ಹುಡುಗಿಯರನ್ನು ವಿಚಾರಿಸಿದರು. ಪ್ರತಿ ಸಲವೂ ಅರವತ್ತು ಚಿಲ್ಲರೆ ಮಂದಿ, ಚಿಕ್ಕ ಅಧ್ಯಯನವೇ ಸರಿ. ಊಟದ ಬಗ್ಗೆ ಆತಂಕಕಾರಿ ಮನೋಭಾವ ತೋರಿದವರು ಮೊದಲು ನೂರಕ್ಕೆ ಸುಮಾರು 13, ಬಳಿಕ 29. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ, ಮೂರು ವರ್ಷಗಳ ನಂತರ ನೂರಕ್ಕೆ 11.

ಇದು ಬರೀ ಜಂಬವಲ್ಲ. ತೆರೆಯ ಮೇಲಿನ ತೆಳ್ಳಗಿನ ಹೆಂಗಸರಂತಾದರೆ ಒಳ್ಳೆಯ ಕೆಲಸ ಸಿಕ್ಕೀತು, ಬಾಳು ಮೇಲಾದೀತು ಎಂದು ಆ ಹುಡುಗಿಯರಲ್ಲಿ ಹಲವರು ನಂಬಿದ್ದರು. ಬದಲಾಗುವ ಲೋಕದಲ್ಲಿ "ನಾನು ಯಾರಾಗಬೇಕು?" ಎಂಬ ಪ್ರಶ್ನೆಗೆ ಉತ್ತರ ಹುಡುಕಿದರು; ಕೈಗೆ ಸಿಕ್ಕಿದ್ದು ಸೊಂಟದ ಅಳತೆ.

ಹಳೆಯ ಕಾಲದಲ್ಲೂ ಹುಡುಗಿಯ ಮೈಯನ್ನು ಇತರರೇ ಅಳೆಯುತ್ತಿದ್ದರಲ್ಲ ಎಂದು ನೀವು ಕೇಳಬಹುದು. ನಿಜ. ಇತರರ ಕಣ್ಣಿಲ್ಲದೆ ಯಾರಿಗೂ ತನ್ನ ಪರಿಚಯವಾಗದು. ಆದರೆ ಅಂದು ನೋಡಿದವರು ಅವಳಿಗೆ ಉಣಬಡಿಸಿದವರು. ಟೆಲಿವಿಷನ್ನಿಗೆ, ಇಂದಿನ ಮೊಬೈಲಿಗೆ ಅವಳ ಹೆಸರೇ ಗೊತ್ತಿಲ್ಲ.

ಹಾಗಾದರೆ ನಮ್ಮ ಕಣ್ಣು ಎಂಥದು? ಭಾನುವಾರ ಪೂಜೆ ಮುಗಿಸಿ ಅಂಗಳದಲ್ಲಿ ನಿಂತಾಗ "ಎಷ್ಟು ದಪ್ಪಗಾಗಿದ್ದೀಯೇ!", "ಬಿಸಿಲಿಗೆ ಕಪ್ಪಾಗಿಬಿಟ್ಟೆ" ಎಂದು ಮಾತು ಶುರುಮಾಡುವವರು ನಾವೇ ಅಲ್ಲವೇ? "ನೀನೇ ಸುಂದರಿ" ಎಂದು ಹೊಗಳಿದರೂ ತಕ್ಕಡಿ ನಮ್ಮ ಕೈಯಲ್ಲೇ ಉಳಿಯುತ್ತದೆ.

ತಕ್ಕಡಿಯನ್ನು ಕೆಳಗಿಡೋಣ. ಈ ವಾರ ಏನು ಓದಿದಳು, ಯಾರ ಜೊತೆ ಜಗಳವಾಡಿದಳು, ಯಾವುದಕ್ಕೆ ಹೆದರಿದ್ದಾಳೆ ಎಂದು ಕೇಳೋಣ. ಊಟಕ್ಕೆ ಜೊತೆಯಲ್ಲಿ ಕೂರೋಣ. ಅವಳು ತಟ್ಟೆ ಸರಿಸಿ ಎದ್ದರೆ ಗದರದೆ ವಿಚಾರಿಸೋಣ. ಅದು ದಿನವೂ ನಡೆದರೆ ವೈದ್ಯರ ಬಳಿ ಕರೆದೊಯ್ಯಲು ಸಂಕೋಚಪಡುವುದು ಬೇಡ.