ದಂಡದ ಭಯವೋ, ಮನಸ್ಸಿನ ಒಪ್ಪಿಗೆಯೋ?



2019ರ ಜನವರಿ 1ರಿಂದ ಪುಣೆ ಪೊಲೀಸರು ಹೆಲ್ಮೆಟ್ ನಿಯಮ ಬಿಗಿಗೊಳಿಸಿದಾಗ ಜನ ಬೀದಿಗಿಳಿದು ಪ್ರತಿಭಟಿಸಿದರು. ನಿಯಮವೇನೂ ಹೊಸದಲ್ಲ, 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲೇ ಇದೆ. ತಲೆ ಉಳಿಸುವ ನಿಯಮಕ್ಕೇ ಏಕಿಷ್ಟು ವಿರೋಧ?

ಮಾಲೆ ಹಾಕಿದ ಸ್ವಾಮಿಗಳನ್ನು ನೋಡಿ. 41 ದಿನ ತಣ್ಣೀರ ಸ್ನಾನ, ಬರಿಗಾಲು, ಬ್ರಹ್ಮಚರ್ಯ. ಕಾಯಲು ಪೊಲೀಸರಿಲ್ಲ, ತಪ್ಪಿದರೆ ದಂಡವಿಲ್ಲ. ಆದರೂ ಪಾಲಿಸುತ್ತಾರೆ. ಏಕೆಂದರೆ ಆ ನಿಯಮವನ್ನು ತಾವೇ ಒಪ್ಪಿಕೊಂಡಿದ್ದಾರೆ. ಅದು ಗುರುಸ್ವಾಮಿಗೂ ಕನ್ನಿಸ್ವಾಮಿಗೂ ಒಂದೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ 1990ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಹತ್ತಿರದ ಮಾತು ಹೇಳಿದ್ದಾರೆ: ಶಿಕ್ಷೆಯ ಭಯಕ್ಕಿಂತ, ಅಧಿಕಾರಿಗಳು ನ್ಯಾಯವಾಗಿ ನಡೆದುಕೊಳ್ಳುತ್ತಾರೆ ಎಂಬ ನಂಬಿಕೆಯೇ ಜನರನ್ನು ಕಾನೂನಿನ ದಾರಿಯಲ್ಲಿ ಇಡುತ್ತದೆ. ಹಾಗಾಗಿ ತಡೆದು ನಿಲ್ಲಿಸುವವರು ಗೌರವದಿಂದ ಮಾತಾಡಿಸಬೇಕು, ದೊಡ್ಡವರಿಗೂ ಚಿಕ್ಕವರಿಗೂ ಒಂದೇ ನಿಯಮವಿರಬೇಕು.

ಹಾಗೆಂದು ನಾನು ಒಪ್ಪಿದ್ದನ್ನಷ್ಟೇ ಪಾಲಿಸುತ್ತೇನೆ ಎನ್ನುವಂತಿಲ್ಲ. ವ್ರತ ನಾವು ಆರಿಸಿಕೊಂಡದ್ದು, ರಸ್ತೆ ಎಲ್ಲರದ್ದು. ನಮ್ಮ ತಲೆಗೆ ಪೆಟ್ಟಾದರೆ ನರಳುವುದು ಇಡೀ ಮನೆ. ಯಾರೂ ನೋಡದಿದ್ದರೂ ವ್ರತ ಕಾಯುವವರಿಗೆ, ಪೊಲೀಸರಿಲ್ಲದ ಗಲ್ಲಿಯಲ್ಲೂ ಹೆಲ್ಮೆಟ್ ಹಾಕುವುದು ಕಷ್ಟವೇ?

ಸ್ವಾಮಿಯೇ ಶರಣಂ ಅಯ್ಯಪ್ಪ.