ಕೊಳ್ಳುವ ಕೈಯ ಧರ್ಮ

ಕೊಡುವುದನ್ನು ಕುರಿತ ಉಪದೇಶ ಬೇಕಾದಷ್ಟುಂಟು. ಕೊಳ್ಳುವುದನ್ನು ಕುರಿತದ್ದು ವಿರಳ. ಬೆಲೆ ತೆತ್ತೊಡನೆ ಋಣ ತೀರಿತೆಂದು ಗೃಹಸ್ಥನು ಭಾವಿಸುತ್ತಾನೆ. ಆದರೆ ಯಾರಿಂದ ಕೊಂಡೆವು, ಯಾರನ್ನು ಬಾಗಿಲಲ್ಲಿಯೇ ನಿಲ್ಲಿಸಿದೆವು ಎಂಬುದೂ ಧರ್ಮದ ಪ್ರಶ್ನೆಯೇ ಅಹುದು. ಗಣಿಯಂತಹ ಮಹೋದ್ಯಮದಲ್ಲಿ ಅದು ಎದ್ದು ಕಾಣುತ್ತದೆ.

ಮೈಸೂರು-ನಂಜನಗೂಡು ಸೀಮೆಯ ಸಿಂಧುವಳ್ಳಿಯ ನೆಲದಲ್ಲಿ ಕ್ರೋಮೈಟ್ ಅದಿರುಂಟು. ತಿರುಮಕೂಡಲು ನರಸೀಪುರದಲ್ಲಿ ಕಾವೇರಿ-ಕಪಿಲೆಯರು ತಂದೊಡ್ಡಿದ ಮರಳುಂಟು. ಮರಳನ್ನು ಹೊಳೆ ಮತ್ತೆ ತಂದೀತು. ಅಗೆದ ಅದಿರು ಮರಳಿ ಬೆಳೆಯದು. ಊರಿಗೆ ಹಳ್ಳವೂ ಧೂಳೂ ಮಾತ್ರ ಉಳಿಯಬಾರದಾದರೆ, ಗಣಿಗೆ ಬೇಕಾಗುವ ಬೋಲ್ಟು, ಕೈಗವಸು, ಕೆಲಸಗಾರರ ಊಟ ಇವುಗಳ ವ್ಯಾಪಾರದಲ್ಲಾದರೂ ಸುತ್ತಣ ಸಣ್ಣವರಿಗೆ ಪಾಲು ದೊರೆಯಬೇಡವೆ? ವರ್ಣಭೇದದಿಂದ ಬಿಡುಗಡೆ ಹೊಂದಿದ ದಕ್ಷಿಣ ಆಫ್ರಿಕವು ಹೀಗೆಯೇ ಯೋಚಿಸಿತು. ಗಣಿಗಳು ಸರಕಿಗೆ ಮಾಡುವ ವೆಚ್ಚದಲ್ಲಿ ಶೇ. 70 ಸ್ವದೇಶದಲ್ಲಿ ತಯಾರಾದ ವಸ್ತುಗಳಿಗೆ ಸಲ್ಲಬೇಕೆಂದು ಅದರ 2018ರ ಗಣಿ ಸನ್ನದು ವಿಧಿಸಿತು. ಆ ಸನ್ನದು ನೀತಿಯೇ ಹೊರತು ಕಾನೂನಲ್ಲವೆಂದು 2021ರಲ್ಲಿ ಅಲ್ಲಿಯ ನ್ಯಾಯಾಲಯ ತೀರ್ಪಿತ್ತಿತು.

ಭಾರತದಲ್ಲಿ 2012ರ ಆದೇಶವೊಂದು ಕೇಂದ್ರ ಸರ್ಕಾರದ ಉದ್ಯಮಗಳ ಖರೀದಿಯಲ್ಲಿ ಕಿರು ಹಾಗೂ ಸಣ್ಣ ಘಟಕಗಳಿಗೆ ಪಾಲನ್ನು ನಿಗದಿಮಾಡಿತು. 2018ರ ತಿದ್ದುಪಡಿಯಿಂದ ಅದು ಶೇ. 25, ಇದರೊಳಗೆ ಪರಿಶಿಷ್ಟ ಜಾತಿ-ಪಂಗಡದವರ ಘಟಕಗಳಿಗೆ ಶೇ. 4, ಮಹಿಳೆಯರವಕ್ಕೆ ಶೇ. 3. ಸಂಡೂರಿನ ದೋಣಿಮಲೆಯಲ್ಲಿ ಕಬ್ಬಿಣದ ಅದಿರು ತೆಗೆಯುವ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವೂ ಇದಕ್ಕೆ ಒಳಪಟ್ಟದ್ದು.

ಇದು ಪಕ್ಷಪಾತವಲ್ಲವೆ, ಸಮರ್ಥನಿಗೆ ಅನ್ಯಾಯವಲ್ಲವೆ ಎಂದು ಕೇಳುವವರುಂಟು. ಪ್ರಶ್ನೆ ಹಗುರವಾದುದಲ್ಲ. ಆದರೆ ನಿಯಮದ ಒಳಗನ್ನು ನೋಡಬೇಕು. ಕನಿಷ್ಠ ಬೆಲೆಯನ್ನು ದೊಡ್ಡ ಸಂಸ್ಥೆ ನಮೂದಿಸಿದ್ದು, ಸಣ್ಣವನ ಬೆಲೆ ಅದಕ್ಕಿಂತ ಶೇ. 15ರೊಳಗೆ ಹೆಚ್ಚಾಗಿದ್ದರೆ, ಅವನು ಆ ಕನಿಷ್ಠ ಬೆಲೆಗೇ ಇಳಿದಲ್ಲಿ ಒಂದು ಪಾಲು ಅವನಿಗೆ ಸಲ್ಲುತ್ತದೆ. ದೊರೆಯುವುದು ಹೆಚ್ಚಿನ ಹೊನ್ನಲ್ಲ, ಕಾಯಕದ ಅವಕಾಶ. ಇದನ್ನು ದಯೆಯೆನ್ನುವುದು ಕಾಯಕಕ್ಕೆ ಮಾಡುವ ಅಪಚಾರ.

ಪಡೆಯುವವನಿಗೂ ಧರ್ಮವುಂಟು. ಬಿದ್ದ ಅಕ್ಕಿಯನ್ನು ಆಯುವುದೇ ಕಾಯಕವಾಗಿದ್ದ ಮಾರಯ್ಯನು ಒಂದು ದಿನ ಮಿತಿಮೀರಿ ತಂದಾಗ, ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿದಳು. ಇಂದಿನವರಲ್ಲಿ ಕೆಲವರು ತಮ್ಮ ಹೆಸರನ್ನೇ ಬಾಡಿಗೆಗೆ ಕೊಡುತ್ತಾರೆ. ಪತ್ರದಲ್ಲಿ ಬಡವನ ಸಹಿ, ಪೆಟ್ಟಿಗೆಯಲ್ಲಿ ಧನಿಕನ ಲಾಭ. ಬೆವರಿಲ್ಲದ ಸಹಿ ಕಾಯಕವಲ್ಲ. ಇಂತಹ ಮರೆವ್ಯವಹಾರವನ್ನು ದಕ್ಷಿಣ ಆಫ್ರಿಕವು 2013ರ ಅಧಿನಿಯಮದಿಂದ ಅಪರಾಧವೆಂದೇ ಸಾರಿತು.

ಇಷ್ಟಾದರೂ ಸಣ್ಣವನನ್ನು ಕೊಲ್ಲುವ ಸದ್ದಿಲ್ಲದ ಆಯುಧವೊಂದಿದೆ: ಪಾವತಿಯ ವಿಳಂಬ. ಒಪ್ಪಂದವಿದ್ದರೂ 45 ದಿನಗಳನ್ನು ಮೀರದೆ ಹಣ ಸಲ್ಲಬೇಕೆಂಬುದು 2006ರ ಅಧಿನಿಯಮ. ನಂಜನಗೂಡಿನಲ್ಲಿ ನಾಲ್ಕು ಆಳುಗಳೊಡನೆ ಲೇತ್ ನಡೆಸುವವನೊಬ್ಬನನ್ನು ಊಹಿಸಿಕೊಳ್ಳಬಹುದು. ಸರಕು ಗಣಿ ಸೇರಿದೆ. ಬಿಲ್ಲು ಮೇಜಿನಿಂದ ಮೇಜಿಗೆ ತಿರುಗುತ್ತಿದೆ. ಶನಿವಾರದ ಬಟವಾಡೆಗೆ ಅವನು ಬಡ್ಡಿಯ ಹಣ ತರುತ್ತಾನೆ. ಮೂರನೆಯ ತಿಂಗಳಲ್ಲಿ ಆಳುಗಳು ಇಬ್ಬರಾಗುತ್ತಾರೆ. ಮುಂದಿನ ಟೆಂಡರಿನ ಪ್ರಕಟಣೆ ಬಂದಾಗ ಅವನು ಅದನ್ನು ಓದಿ ಮಡಿಸಿಡುತ್ತಾನೆ.