ಜೂಜು ಕೌಶಲವಾದಾಗ

ನಮ್ಮ ದಿನಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಕಾಣಿಸಿಕೊಳ್ಳುವ ಸುದ್ದಿಯೊಂದಿದೆ. ಊರ ಹೊರಗಿನ ಗುಡ್ಡದಲ್ಲೋ ತೋಟದ ಮನೆಯಲ್ಲೋ ಅಂದರ್-ಬಾಹರ್ ಆಡುತ್ತಿದ್ದವರ ಮೇಲೆ ಪೊಲೀಸರ ದಾಳಿ. ಇಷ್ಟು ಮಂದಿಯ ಬಂಧನ, ಇಷ್ಟು ನಗದು ವಶ. ಎಷ್ಟೋ ಸಲ ವಶವಾದ ಹಣ ಕೆಲವೇ ಸಾವಿರ. ರೇಸಿನ ದಿನಗಳಲ್ಲಿ ಬೆಂಗಳೂರಿಗೆ ಹೋಗಿ ನೋಡಿ. ವಿಧಾನಸೌಧದಿಂದ ಅನತಿ ದೂರದಲ್ಲಿ ಜನ ಸಾಲುಗಟ್ಟಿ ನಿಂತು ಕುದುರೆಗಳ ಮೇಲೆ ಹಣ ಕಟ್ಟುತ್ತಾರೆ. ಪೊಲೀಸರು ಅಲ್ಲಿಯೂ ಇರುತ್ತಾರೆ, ವಾಹನ ದಟ್ಟಣೆ ನಿಯಂತ್ರಿಸಲು.

ಇವೆರಡರ ನಡುವಿನ ವ್ಯತ್ಯಾಸವನ್ನು ಕಾನೂನು ಒಂದೇ ಪದದಲ್ಲಿ ಹೇಳುತ್ತದೆ: ಕೌಶಲ. 1957ರ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೂಜನ್ನು ವ್ಯಾಪಾರವೆಂದೇ ಒಪ್ಪಲಿಲ್ಲ. ಋಗ್ವೇದವನ್ನೂ ಮಹಾಭಾರತವನ್ನೂ ನೆನಪಿಸಿಕೊಂಡು, ಅದಕ್ಕೆ ಸಂವಿಧಾನದ ರಕ್ಷಣೆ ಇಲ್ಲವೆಂದಿತು. ಆದರೆ 1996ರಲ್ಲಿ ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಅದೇ ಕೋರ್ಟು, ಕುದುರೆ ರೇಸಿನ ಬಾಜಿ ಬರೀ ಅದೃಷ್ಟದಾಟವಲ್ಲ ಎಂದು ತೀರ್ಮಾನಿಸಿತು. ಕುದುರೆಯ ತಳಿ, ತರಬೇತಿ, ಜಾಕಿಯ ಸಾಮರ್ಥ್ಯ ಇವನ್ನೆಲ್ಲ ಅಳೆದು ಹಣ ಕಟ್ಟುವವನು ಬುದ್ಧಿ ಬಳಸುತ್ತಾನೆ ಎಂಬುದು ಅದರ ತರ್ಕ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಜೂಜಿನ ವ್ಯಾಖ್ಯೆಯಿಂದ ಕುದುರೆ ರೇಸಿನ ಬಾಜಿಯನ್ನು ಹೊರಗಿಟ್ಟಿದೆ.

ಕೌಶಲವೇ ಕಾರಣವಾದರೆ ಮೋಟಾರು ಕಾರಿನ ರೇಸಿಗೇಕೆ ಆ ವಿನಾಯಿತಿ ಇಲ್ಲ? ಅಲ್ಲಿ ಚಾಲಕನ ಕೌಶಲ ಕಡಿಮೆಯೇ? ಬ್ರಿಟನ್ನಿನಲ್ಲಿ ಫಾರ್ಮುಲಾ ಒನ್ ಮೇಲೂ ಕಾನೂನುಬದ್ಧವಾಗಿ ಬಾಜಿ ಕಟ್ಟಬಹುದು; ನಮ್ಮಲ್ಲಿ ಕುದುರೆಗೆ ಮಾತ್ರ ಈ ಮರ್ಯಾದೆ. ಬ್ರಿಟಿಷ್ ಅಧಿಕಾರಿಗಳೂ ರಾಜಮಹಾರಾಜರೂ ಮೈದಾನದಲ್ಲಿ ಪಕ್ಕಪಕ್ಕದಲ್ಲಿ ಕೂರುತ್ತಿದ್ದ ಆಟವದು. ಅವರ ಮೋಜು ಕ್ರೀಡೆಯಾಯಿತು, ಕೂಲಿಯವನ ಮೋಜು ಅಪರಾಧವಾಯಿತು ಎಂದು ಯಾರಾದರೂ ಹೇಳಿದರೆ ನನ್ನ ಬಳಿ ಉತ್ತರವಿಲ್ಲ.

ಇರಲಿ, ಕೌಶಲವಿದೆಯೆಂದೇ ಒಪ್ಪೋಣ. ಆಗ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಹಣ ಕಟ್ಟುವ ನೂರು ಮಂದಿಯಲ್ಲಿ ಕುದುರೆಗಳ ಜಾತಕ ಬಲ್ಲವರು ಕೆಲವರು, ಏನೂ ತಿಳಿಯದವರು ಹಲವರು. ಬಲ್ಲವನ ಗೆಲುವಿನ ಹಣ ಬರುವುದು ಬಲ್ಲದವನ ಜೇಬಿನಿಂದಲೇ. ಬರೀ ಅದೃಷ್ಟದ ಆಟದಲ್ಲಾದರೆ ಇಬ್ಬರೂ ಸಮಾನರು. ಕೌಶಲದ ಆಟದಲ್ಲಿ ಒಬ್ಬನಿಗೆ ತಾನು ಯಾರಿಂದ ಕಸಿಯುತ್ತಿದ್ದೇನೆಂಬುದು ಮೊದಲೇ ಗೊತ್ತು. ನ್ಯಾಯಾಲಯ ಸಮರ್ಥನೆಯಾಗಿ ಕಂಡದ್ದು ನೀತಿಯ ದೃಷ್ಟಿಯಲ್ಲಿ ಹೆಚ್ಚುವರಿ ಆರೋಪವೇ ಆದೀತು.

ಇಸ್ಲಾಮೀ ಕರ್ಮಶಾಸ್ತ್ರ ಈ ಗೆರೆಯನ್ನು ಬೇರೆಡೆ ಎಳೆದಿದೆ. ಕುದುರೆ ಓಟಕ್ಕೆ ಅದರ ವಿರೋಧವಿಲ್ಲ. ಪ್ರವಾದಿ ಮುಹಮ್ಮದ್(ಸ)ರು ಮದೀನಾದಲ್ಲಿ ಸ್ವತಃ ಓಟದ ಸ್ಪರ್ಧೆ ಏರ್ಪಡಿಸಿದ್ದರು. ಪಳಗಿಸಿದ ಕುದುರೆಗಳಿಗೆ ದೂರದ ಗುರಿ, ಪಳಗಿಸದವುಗಳಿಗೆ ಹತ್ತಿರದ ಗುರಿ. ಸ್ವತಃ ಭಾಗವಹಿಸಿದ್ದ ಇಬ್ನು ಉಮರ್(ರ) ಇದನ್ನು ವರದಿ ಮಾಡಿದ್ದು ಬುಖಾರಿಯಲ್ಲಿದೆ. ಗೆದ್ದವನಿಗೆ ಆಡಳಿತಗಾರನೋ ಮೂರನೆಯ ವ್ಯಕ್ತಿಯೋ ಬಹುಮಾನ ಕೊಡಬಹುದು. ಸವಾರರಿಬ್ಬರೂ ತಂತಮ್ಮ ಹಣ ಪಣವಿಟ್ಟರೆ ಮಾತ್ರ ವಿದ್ವಾಂಸರು ಹುಬ್ಬುಗಂಟಿಕ್ಕಿದರು. ಬಹುಪಾಲು ವಿದ್ವಾಂಸರ ಪ್ರಕಾರ, ಆಗ ಪಣವಿಡದ ಮೂರನೆಯ ಸವಾರನೊಬ್ಬ ಸೇರಿಕೊಳ್ಳಬೇಕು, ಅವನ ಕುದುರೆಗೂ ಗೆಲ್ಲುವ ನಿಜವಾದ ಸಾಧ್ಯತೆ ಇರಬೇಕು. ಇಬ್ನು ತೈಮಿಯ್ಯರಂಥವರು ಆ ಮೂರನೆಯವನು ಬೇಕಿಲ್ಲವೆಂದು ವಾದಿಸಿದರು. ಈ ಚರ್ಚೆಯೆಲ್ಲ ನಡೆದದ್ದು ಓಡುವವರ ಬಗ್ಗೆ ಎಂಬುದನ್ನು ಗಮನಿಸಬೇಕು. ಕಟಕಟೆಯಾಚೆ ನಿಂತು, ಲಗಾಮನ್ನು ಮುಟ್ಟದೆ, ಯಾರದೋ ಕುದುರೆಯ ಮೇಲೆ ಹಣ ಕಟ್ಟುವವನು ಆ ಲೆಕ್ಕದಲ್ಲೇ ಇಲ್ಲ.

ಕುತೂಹಲದ ಸಂಗತಿಯೆಂದರೆ, ನಮ್ಮದೇ 1872ರ ಕರಾರು ಕಾಯ್ದೆಯ 30ನೇ ಕಲಮೂ ಇದೇ ದಾರಿಯಲ್ಲಿದೆ. ಬಾಜಿಯ ಕರಾರು ಅನೂರ್ಜಿತ. ಆದರೆ ಕುದುರೆ ಓಟದಲ್ಲಿ ಗೆದ್ದವರಿಗೆ ಕೊಡುವ 500 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬಹುಮಾನಕ್ಕೆ ವಂತಿಗೆ ನೀಡುವುದು ಕಾನೂನುಬಾಹಿರವಲ್ಲ.

ಜೂಜಿಗೆ ಕುರ್‌ಆನ್ ಬಳಸುವ ಪದ ಮೈಸಿರ್. ಸುಲಭ ಎಂಬರ್ಥದ ಧಾತುವಿನಿಂದ ಬಂದದ್ದೆಂದು ಹಲವರು ವಿವರಿಸುತ್ತಾರೆ. ಬೆವರಿಲ್ಲದೆ ಬಂದ ಗಳಿಕೆ. ಆ ಕಾಲದ ಅರಬರ ಮೈಸಿರ್ ಹೇಗಿತ್ತೆಂದು ಓದಿದರೆ ಆಶ್ಚರ್ಯವಾಗುತ್ತದೆ. ಒಂಟೆಯೊಂದನ್ನು ಕಡಿದು ಪಾಲು ಮಾಡಿ, ಹತ್ತು ಬಾಣಗಳನ್ನು ಚೀಲದಲ್ಲಿ ಹಾಕಿ ಎತ್ತುತ್ತಿದ್ದರು. ಏಳು ಬಾಣಗಳಿಗೆ ಪಾಲು, ಮೂರಕ್ಕೆ ಏನೂ ಇಲ್ಲ. ಖಾಲಿ ಬಾಣ ಬಂದವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ತಾವು ತಿನ್ನುತ್ತಿರಲಿಲ್ಲ, ಬಡವರಿಗೆ ಹಂಚುತ್ತಿದ್ದರು. ಬರಗಾಲದ ಚಳಿಯಲ್ಲಿ ಅದು ಔದಾರ್ಯದ ಪ್ರದರ್ಶನ. ಆಡದವನನ್ನು ಜಿಪುಣನೆಂದು ಹಂಗಿಸುತ್ತಿದ್ದರು. ಅಂದರೆ ನಿಷೇಧಕ್ಕೊಳಗಾದದ್ದು ಬಡವರ ಹೊಟ್ಟೆ ತುಂಬಿಸುತ್ತಿದ್ದ ಜೂಜು! ಅದರಲ್ಲಿ ಜನರಿಗೆ ಪ್ರಯೋಜನವೂ ಇದೆಯೆಂದು ಕುರ್‌ಆನ್ ಒಪ್ಪಿಕೊಂಡೇ, ಹಾನಿಯನ್ನು ಅದಕ್ಕಿಂತ ದೊಡ್ಡದೆಂದು ತೂಗಿತು. ಮತ್ತೊಂದೆಡೆ ಜನರ ನಡುವೆ ಹುಟ್ಟುವ ಹಗೆತನವನ್ನು ಕಾರಣವಾಗಿ ಕೊಟ್ಟಿತು.

ಇಂದು ರೇಸಿನ ಪರವಾಗಿ ಕೇಳಿಬರುವ ಮುಖ್ಯ ವಾದವೂ ಪ್ರಯೋಜನದ್ದೇ. ಕುದುರೆ ನೋಡಿಕೊಳ್ಳುವವರು, ಲಾಳ ಕಟ್ಟುವವರು, ತಳಿ ಸಾಕುವವರು, ಎಷ್ಟೋ ಕುಟುಂಬಗಳು ಇದನ್ನೇ ನಂಬಿವೆ. ಇದು ಸುಳ್ಳಲ್ಲ, ಹಗುರವಾಗಿ ತಳ್ಳಿಹಾಕುವ ಮಾತೂ ಅಲ್ಲ. ಸರ್ಕಾರಕ್ಕೆ ತೆರಿಗೆಯೂ ಬರುತ್ತದೆ. 2023ರ ಅಕ್ಟೋಬರ್ 1ರಿಂದ ಪಣದ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. ಟೋಟ್ ಪದ್ಧತಿಯಲ್ಲಿ ಎಲ್ಲರ ಹಣವೂ ಒಂದೇ ರಾಶಿಗೆ ಬೀಳುತ್ತದೆ. ಕ್ಲಬ್ಬಿನ ಪಾಲು, ತೆರಿಗೆ ಕಳೆದು ಉಳಿದದ್ದು ಗೆದ್ದವರಿಗೆ. ಸಾವಿರ ರೂಪಾಯಿಯ ರಾಶಿಯಿಂದ ಇನ್ನೂರು ತೆಗೆದರೆ, ಕುದುರೆ ಹೆಜ್ಜೆ ಎತ್ತಿಡುವ ಮೊದಲೇ ಆಡುವವರೆಲ್ಲ ಒಟ್ಟಾಗಿ ಇನ್ನೂರು ಸೋತಿದ್ದಾರೆ. ಯಾವ ಕುದುರೆ ಗೆದ್ದರೂ ಗೆಲ್ಲುವುದು ಸರ್ಕಾರ.

ಹಗೆತನದ ವಿಷಯ? ಟೋಟ್ ಕಿಟಕಿಯಲ್ಲಿ ಯಾರ ಮುಖವೂ ಯಾರಿಗೂ ಕಾಣದು. ಅರಬರ ಆಟದಲ್ಲಿ ಸೋತವನ ಎದುರೇ ಗೆದ್ದವನು ಕುಳಿತಿರುತ್ತಿದ್ದ. ಈಗ ಸೋತವನು ಮೌನವಾಗಿ ಬಸ್ಸು ಹತ್ತುತ್ತಾನೆ. ಹಗೆತನ ಇಲ್ಲವಾಯಿತೆಂದು ತೋರುತ್ತದೆ, ಆದರೆ ಅದು ವಿಳಾಸ ಬದಲಿಸಿದೆಯಷ್ಟೇ. ಅಡವಿಟ್ಟ ಬಳೆಯ ಬಗ್ಗೆ ಮಾತೆದ್ದಾಗ ಅದು ಮನೆಯ ಅಡುಗೆಕೋಣೆಯಲ್ಲಿ ಹೊರಬೀಳುತ್ತದೆ. ಅವನ ದುಡ್ಡು, ಅವನಿಷ್ಟ ಎನ್ನುವವರು ಆ ದುಡ್ಡಿನಲ್ಲಿ ಇನ್ನೆಷ್ಟು ಜನರ ಪಾಲಿತ್ತೆಂದು ಕೇಳುವುದಿಲ್ಲ.

ಹಾಗಾದರೆ ಎಲ್ಲ ವ್ಯಾಪಾರವೂ ಜೂಜಲ್ಲವೇ ಎಂಬ ಆಕ್ಷೇಪವಿದೆ. ರಾಗಿ ಬಿತ್ತಿದ ರೈತನೂ ಮಳೆಯ ಮೇಲೆ ಬಾಜಿ ಕಟ್ಟಿದಂತಲ್ಲವೇ? ಅಲ್ಲ. ಮಳೆಯ ಅನಿಶ್ಚಿತತೆ ಅವನು ಹುಟ್ಟಿಸಿದ್ದಲ್ಲ. ಅನ್ನ ಬೆಳೆಯಲು ಅದನ್ನು ಹೊರಲೇಬೇಕು. ಬಾಜಿಯಲ್ಲಿ, ನಾವಿಬ್ಬರು ಹಣ ಇಡುವವರೆಗೆ ಆ ಅಪಾಯ ಲೋಕದಲ್ಲೇ ಇರಲಿಲ್ಲ. ಆದರೆ ರೇಸಿನವರನ್ನು ಹೀಗಳೆದು, ಮೊಬೈಲಿನಲ್ಲಿ ಷೇರುಪೇಟೆಯ ಫ್ಯೂಚರ್ಸ್, ಆಪ್ಷನ್ಸ್ ಆಡುವ ನಮ್ಮ ವಿದ್ಯಾವಂತರು ಸ್ವಲ್ಪ ತಡೆಯಬೇಕು. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಅಲ್ಲಿ ವ್ಯವಹರಿಸಿದ ಬಿಡಿ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದ್ದಾರೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಕೌಶಲ, ಅದೃಷ್ಟ ಎಂಬ ಭೇದವನ್ನು ಮಾಡಲಿಲ್ಲ. ದಶಕಗಳಿಂದ ಕಾಪಾಡಿಕೊಂಡು ಬಂದ ಗೆರೆಯನ್ನು ಶಾಸನಕರ್ತರೇ ಮೊಬೈಲಿನ ಮಟ್ಟಿಗೆ ಅಳಿಸಿದರು. ಮೈದಾನದ ಕಿಟಕಿಗೆ ಆ ತರ್ಕ ಇನ್ನೂ ತಲುಪಿಲ್ಲ.

ಬಾಜಿಯಿಲ್ಲದೆ ರೇಸು ಉಳಿಯದು ಎನ್ನುತ್ತಾರೆ. ಕುದುರೆಗಾಗಿ ಬಾಜಿಯಲ್ಲ, ಬಾಜಿಗಾಗಿ ಕುದುರೆ ಎಂದು ಅವರೇ ಹೇಳಿದಂತಾಯಿತು. ನಮ್ಮ ಕರಾವಳಿಯ ಕೋಳಿ ಅಂಕಕ್ಕೆ ಈ ಮಾತು ಒಪ್ಪುತ್ತದೆ. ಪಣ ತೆಗೆದರೆ ಅಲ್ಲಿ ಹೆಚ್ಚೇನೂ ಉಳಿಯದು. ಆದರೆ ಕಂಬಳಕ್ಕೆ ಒಪ್ಪುವುದಿಲ್ಲ. ಅಲ್ಲಿ ಗೆದ್ದ ಕೋಣಗಳ ಯಜಮಾನನಿಗೆ ಸಂಘಟಕರು ಪವನಿನ ಲೆಕ್ಕದಲ್ಲಿ ಚಿನ್ನ ಕೊಡುತ್ತಾರೆ. ಟೋಟ್ ಕಿಟಕಿಯಿಲ್ಲ, ಆದರೂ ಜನ ರಾತ್ರಿಯಿಡೀ ಕೆಸರುಗದ್ದೆಯ ದಂಡೆಯಲ್ಲಿ ನಿದ್ದೆಗೆಟ್ಟು ನಿಂತಿರುತ್ತಾರೆ.